ಒಂಬತ್ತನೇ ಬಾಗಿಲಿನ ಹಿಂದೆ

ಮಕ್ಕಳು ಯಾವುದನ್ನು ನೋಡಬಹುದು, ಯಾವುದನ್ನು ನೋಡಬಾರದು ಎಂದು ತೀರ್ಪು ಹೇಳುವ ಕೆಲಸ ನನ್ನ ಕೊರಳಿಗೆ ಬಿದ್ದಾಗ ನನಗೇ ಹನ್ನೊಂದು ವರ್ಷ. ಆ ಕೆಲಸವನ್ನು ನಾನು ಕೆಟ್ಟದಾಗಿ ಮಾಡಿದೆ. ಎಷ್ಟು ಕೆಟ್ಟದಾಗಿ ಅನ್ನುವುದು ಗೊತ್ತಾಗಿದ್ದು ಮಾತ್ರ ಮೊನ್ನೆ ಮೊನ್ನೆ, ದಾಬಸ್‌ಪೇಟೆಯಿಂದ ನನ್ನ ತಮ್ಮ ಮಂಜ ಫೋನ್ ಮಾಡಿದಾಗ. ಅವನ ಮಗಳು ಚಿನ್ನಿಗೆ ಆರು ವರ್ಷ. ಅವಳು ಮೊಬೈಲಿನಲ್ಲಿ ಯಾವುದೋ ಹೊಡೆದಾಟದ ಕಾರ್ಟೂನ್ ಹಿಡಿದು ಕೂತಿದ್ದಾಳೆ, ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ, ಇವನು ನೋಡಲಿ ಬಿಡು ಅನ್ನುತ್ತಾನೆ, ಮೂರು ದಿನದಿಂದ ಮನೆಯಲ್ಲಿ ಅದೇ ರಾಮಾಯಣ. ಕೊನೆಗೆ ಗಂಡ ಹೆಂಡಿರಿಬ್ಬರೂ ಒಂದು ಮಾತಿಗೆ ಬಂದಿದ್ದಾರೆ, ಅಕ್ಕ ನೋಡಿ ಹೇಳಲಿ ಅಂತ. ನಾನು ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡುವವಳು, ನಮ್ಮ ಬಳಗದಲ್ಲಿ ನನ್ನ ಮಾತಿಗೆ ಒಂದಿಷ್ಟು ತೂಕವಿದೆ. ಆಗಲಿ ಕಳಿಸು ಅಂದೆ. ಕಳಿಸಿದ. ನೋಡಲು ಕೂತವಳು ಹತ್ತು ನಿಮಿಷಕ್ಕೆ ಫೋನು ಕವುಚಿ ಇಟ್ಟು ಅಡಿಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಕಾರ್ಟೂನಿನಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಕಣ್ಣಿಗೆ ಕಟ್ಟಿದ್ದು ಬೆಂಗಳೂರಿನ ಹತ್ತಿರದ ವಿಜಯಪುರದ ನಮ್ಮ ಮನೆಯ ಕೆಂಪು ಗಾರೆಯ ನೆಲ, ಅದರ ಮೇಲಿದ್ದ ನಾಲ್ಕು ಗುರುತು.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಮನೆ ರೈಲಿನ ಹಾಗೆ ಉದ್ದಕ್ಕೆ, ಒಂದರ ಹಿಂದೆ ಒಂದು: ಜಗಲಿ, ಟಿವಿ ಇದ್ದ ನಡುಮನೆ, ಅಡಿಗೆಮನೆ, ಅದನ್ನೂ ದಾಟಿದರೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯತನಕ ಬಿಸಿನೀರಿನ ತೊಟ್ಟಿಗಳಲ್ಲಿ ಗೂಡು ಬೇಯುತ್ತಿತ್ತು. ಕೂಲಿಯ ಹೆಂಗಸರು ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಕೂಡಿಸಿ ರಾಟೆಗೆ ಹತ್ತಿಸುತ್ತಿದ್ದರು. ಅಪ್ಪ ಅವರ ನಡುವೆಯೇ ಕೂತು ಕೆಲಸ ಮಾಡುತ್ತಿದ್ದ. ಬಿಸಿನೀರಲ್ಲಿ ನೆನೆದೂ ನೆನೆದೂ ಅಪ್ಪನ ಬೆರಳುಗಳು ಬೆಳ್ಳಗೆ ಸುಕ್ಕಾಗಿರುತ್ತಿದ್ದವು, ನಮ್ಮ ತಲೆ ಸವರಿದರೆ ಕೂದಲು ಆ ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು. ಬೆಂದ ಹುಳುವಿನ ವಾಸನೆ ಅನ್ನದಲ್ಲಿ, ಹಾಸಿಗೆಯಲ್ಲಿ, ನನ್ನ ಪಾಠದ ಪುಸ್ತಕದಲ್ಲೂ ಇರುತ್ತಿತ್ತು. ಬಂದ ನೆಂಟರು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕಾಫಿ ಕುಡಿಯುತ್ತಿದ್ದರು. ನಮಗೆ ಅದು ವಾಸನೆ ಅಂತಲೇ ಗೊತ್ತಿರಲಿಲ್ಲ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ, ನಗಬೇಡಿ.

ಮನೆಯ ಯಜಮಾನಿಕೆ ಅಪ್ಪನ ಅಣ್ಣನದು, ನಮ್ಮ ದೊಡ್ಡಪ್ಪನದು. ಗೂಡಿನ ಮಾರುಕಟ್ಟೆಯಲ್ಲಿ ದೊಡ್ಡಪ್ಪನ ಕೈ ಅಂದರೆ ಹೆಸರುವಾಸಿ. ರೈತರು ತಂದು ಸುರಿದ ಗೂಡಿನ ರಾಶಿಯೊಳಗೆ ಮೊಳಕೈವರೆಗೆ ಕೈ ತೂರಿಸಿ ಒಂದು ಹಿಡಿ ಮೇಲಿಂದ, ಒಂದು ಹಿಡಿ ನಡುವಿಂದ, ಒಂದು ಹಿಡಿ ತಳದಿಂದ ತೆಗೆದು ನೋಡುತ್ತಿದ್ದರು. ಒತ್ತಿ ನೋಡುವುದು, ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗಿನ ಹುಳು ಕಟಕಟ ಅಂದರೆ ಸರಿ. ಮೂರು ಹಿಡಿ ನೋಡಿದ ಮೇಲೆ ಆ ರಾಶಿಯ ಬಗ್ಗೆ ಅವರ ಮಾತು ಮುಗಿಯಿತು, ದೇವರು ಬಂದರೂ ಬದಲಾಗುತ್ತಿರಲಿಲ್ಲ. ಈ ಮೂರು ಹಿಡಿಯ ಲೆಕ್ಕಾಚಾರ ಗೂಡಿಗೆ ಮಾತ್ರವಲ್ಲ, ಬದುಕಿಗೆಲ್ಲ. ಅಕ್ಕಿ ಮೂಟೆಗೂ ಅದೇ, ಹೊಸ ಕೂಲಿಯವಳಿಗೂ ಅದೇ. ನಮ್ಮ ಅತ್ತೆಗೆ ಗಂಡು ಗೊತ್ತು ಮಾಡುವಾಗ ಹುಡುಗನನ್ನು ಒಮ್ಮೆ ಮನೆಯಲ್ಲಿ, ಒಮ್ಮೆ ಹೊಲದಲ್ಲಿ, ಒಮ್ಮೆ ಹೇಳದೆ ಕೇಳದೆ ಸಂತೆಯಲ್ಲಿ ನೋಡಿಬಂದೇ ತಾಂಬೂಲ ಕೊಟ್ಟಿದ್ದರಂತೆ. ಆ ಮದುವೆ ಚೆನ್ನಾಗಿಯೇ ಇತ್ತು, ಹಾಗಾಗಿ ಅವರಿಗೆ ಎದುರು ಹೇಳುವವರು ಯಾರೂ ಇರಲಿಲ್ಲ.

ಟಿವಿ ಮನೆಗೆ ಬಂದಿದ್ದು ಅಮ್ಮನಿಗಾಗಿ. ಅಮ್ಮ ಮಲಗಿದಳು ಎಂದರೆ ನಮ್ಮ ಕಡೆ ಕಾಯಿಲೆ ಬಿದ್ದಳು ಎಂದೇ ಅರ್ಥ. ಆ ವರ್ಷ ಅವಳು ಮಲಗಿದಾಗ ಅಪ್ಪ ನಡುಮನೆಯಲ್ಲಿ ಕಬ್ಬಿಣದ ಮಂಚ ಹಾಕಿಸಿ, ಅವಳ ಕಾಲ್ದೆಸೆಗೆ ಟಿವಿ ಇಡಿಸಿದ. ಅವಳು ನೋಡುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ಕಣ್ಣು ಮಾತ್ರ ಅದರ ಕಡೆ ಇರುತ್ತಿತ್ತು. ಮಂಜ ಮಂಚದ ಮೇಲೆ ಅವಳ ಸೊಂಟಕ್ಕೆ ಒರಗಿ ಕೂತು ಕಾರ್ಟೂನ್ ನೋಡುತ್ತಿದ್ದ. ಒಂದು ದಿನ ಜೀಪು ಬಂತು, ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಂಜ ಜೀಪಿನ ಹಿಂದೆ ಬೀದಿಯ ಕೊನೆವರೆಗೆ ಓಡಿದ. ಹದಿನೈದು ದಿನಕ್ಕೆ ಅಮ್ಮ ತೀರಿಹೋದಳು. ಐದು ವರ್ಷದ ಮಂಜನನ್ನು ಆ ಹೊತ್ತಿಗೆ ಹೊಸಕೋಟೆಯ ಚಿಕ್ಕಮ್ಮನ ಮನೆಗೆ ಸಾಗಿಸಿದ್ದರು. ಮಣ್ಣು ಮಾಡಿದ್ದು, ಹನ್ನೊಂದನೇ ದಿನದ ಕಾರ್ಯ, ಯಾವುದೂ ಅವನಿಗೆ ಗೊತ್ತಿಲ್ಲ. ಅವನು ಬರುವಷ್ಟರಲ್ಲಿ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿಯಾಗಿತ್ತು. ಅದರ ನಾಲ್ಕು ಕಾಲು ಊರಿದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿಯ ಗುರುತು ಉಳಿದಿತ್ತು. ಮಂಜ ಬಂದವನೇ ಆ ನಾಲ್ಕು ಗುರುತಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಅಮ್ಮ ಎಲ್ಲಿ ಅಂತ ಕೇಳಿದ. ಎಲ್ಲರೂ ದೊಡ್ಡಪ್ಪನ ಮುಖ ನೋಡಿದೆವು.

"ಆಸ್ಪತ್ರೆಲವ್ಳೆ ಕಣಪ್ಪ. ವಾಸಿ ಆದ್ಮೇಲೆ ಬರ್ತಾಳೆ."

ಸುಳ್ಳು ಹೇಳಿದ್ದು ಹೀಗೆ, ಒಂದೇ ಉಸಿರಿನಲ್ಲಿ. ದೊಡ್ಡಮ್ಮ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಮಗುವಿಗೆ ಎಷ್ಟು ದಿನ ಅಂತ ಮುಚ್ಚಿಡುತ್ತೀರಿ, ಒಂದಲ್ಲ ಒಂದು ದಿನ ಹೇಳಲೇಬೇಕಲ್ಲ ಎಂದು ಅವಳು ಆಮೇಲೆ ಕೇಳಿದಾಗ ದೊಡ್ಡಪ್ಪ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಒಳಗೆ ಹುಳ ಹೆಂಗೈತೆ ಅಂತ ಗೂಡು ಕುಯ್ದು ನೋಡ್ಬೌದು. ಕುಯ್ದ ಗೂಡಲ್ಲಿ ಆಮೇಲೆ ನೂಲು ಬರಲ್ಲ."

ಅಷ್ಟು ಹೇಳಿ ಟವೆಲ್ಲು ಕೊಡವಿ ಎದ್ದುಹೋದರು. ದೊಡ್ಡವನಾದ ಮೇಲೆ ಹೇಳೋಣ ಅಂತಾಯಿತು. ದೊಡ್ಡವನು ಅಂದರೆ ಎಷ್ಟು ದೊಡ್ಡವನು ಅಂತ ಯಾರೂ ಗೊತ್ತು ಮಾಡಲಿಲ್ಲ. ಅಪ್ಪನಂತೂ ಬಾಯಿಗೆ ಬೀಗ ಹಾಕಿಕೊಂಡು ಶೆಡ್ಡು ಸೇರಿಬಿಟ್ಟ. ಅಮ್ಮನ ಫೋಟೊ ಗೋಡೆಗೆ ಬರಲಿಲ್ಲ, ಬಂದರೆ ಹಾರ ಹಾಕಬೇಕಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ, ತೀರಿಹೋದವರ ಹೆಸರಿನಲ್ಲಿ ಹೊಸ ಬಟ್ಟೆಯಿಟ್ಟು ಅವರು ಇಷ್ಟಪಡುತ್ತಿದ್ದ ತಿನಿಸೆಲ್ಲ ಬಡಿಸುವಾಗ, ಮಂಜನನ್ನು ಬೆಳಿಗ್ಗೆಯೇ ಪಕ್ಕದ ಮನೆಯ ಬೀಬಮ್ಮನ ಹತ್ತಿರ ಬಿಟ್ಟುಬಂದರು. ಬೀಬಮ್ಮನದೂ ನಮ್ಮ ಹಾಗೆ ನೂಲು ತೆಗೆಯುವ ಸಂಸಾರ, ಮನೆ ತುಂಬ ಮಕ್ಕಳು. ಹಿರಿಯರ ಎಡೆ, ವರ್ಷಾಂತಿಕ, ಅಮ್ಮನ ತವರಿನವರು ಬಂದು ಅಳುವ ದಿನ, ಮಂಜನಿಗೆ ಗೊತ್ತಾಗಬಾರದ್ದು ಏನಿದ್ದರೂ ಅವನು ಬೀಬಮ್ಮನ ಮನೆಯಲ್ಲಿ. ಬರಬರುತ್ತಾ ಅವನು ಅಲ್ಲೇ ಆಡಿ, ಅಲ್ಲೇ ಉಂಡು, ಟಿವಿ ಹೊತ್ತಿಗೆ ಮಾತ್ರ ಮನೆಗೆ ಬರುವಂತಾಯಿತು.

ಆ ಹೊತ್ತಿನಲ್ಲೇ ಶುರುವಾಗಿದ್ದು ಕವಣೆ ಹುಡುಗನ ಕಾರ್ಟೂನು. ಅದಕ್ಕೊಂದು ಹೆಸರಿತ್ತು, ನಾವು ಮನೆಯಲ್ಲಿ ಕೋಟೆ ಅಂತಲೇ ಕರೆಯುತ್ತಿದ್ದೆವು. ಶನಿವಾರ ಸಂಜೆ ಬರುತ್ತಿತ್ತು, ಹಿಂದಿಯಲ್ಲಿ. ಕಥೆ ಇಷ್ಟೇ. ಕಬ್ಬಿಣದ ಮನುಷ್ಯರು ಒಬ್ಬ ಹುಡುಗನ ತಾಯಿಯನ್ನು ಹಿಡಿದುಕೊಂಡು ಹೋಗಿ ಬೆಟ್ಟದ ಕೋಟೆಯೊಳಗೆ ಇಟ್ಟಿದ್ದಾರೆ. ಕೋಟೆಗೆ ಒಂಬತ್ತು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಹುಡುಗನ ಕೈಯಲ್ಲಿರುವುದು ಒಂದು ಕವಣೆ, ಜೇಬಿನ ತುಂಬ ಕಲ್ಲು. ಎರಡು ಮೂರು ವಾರ ಹೊಡೆದಾಡಿದರೆ ಒಂದು ಬಾಗಿಲು ತೆಗೆಯುತ್ತಿತ್ತು. ಒಂಬತ್ತನೇ ಬಾಗಿಲಿನ ಹಿಂದೆ ತಾಯಿ. ಮಂಜ ಆ ನಾಲ್ಕು ಗುರುತಿನ ನಡುವೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನನಗೆ ಶಾಲೆಯಲ್ಲಿ ಹಿಂದಿ ಚೆನ್ನಾಗಿ ಬರುತ್ತಿತ್ತು, ಹಾಗಾಗಿ ಕಥೆಯನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ನಾನು ಹೇಳುವಾಗ ಮಂಜ ಟಿವಿ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದ. ಅದು ಕಥೆಯ ಮೇಲಿನ ಆಸೆ ಅಂದುಕೊಂಡಿದ್ದೆ.

ನಾಲ್ಕನೇ ಬಾಗಿಲು ತೆಗೆದ ವಾರ ಅವಾಂತರವಾಯಿತು. ಮಂಜ ಶೆಡ್ಡಿನಿಂದ ರೇಷ್ಮೆ ನೂಲಿನ ಲಡಿಯೊಂದನ್ನು ಕದ್ದು, ಅದನ್ನು ಹೊಸೆದು ಕವಣೆ ಮಾಡಿಕೊಂಡಿದ್ದ. ರೇಷ್ಮೆಯ ಕವಣೆ, ಅದೂ ಮೊದಲ ದರ್ಜೆ ನೂಲಿನದು. ರಾಜನ ಮಕ್ಕಳಿಗೂ ಇರಲಿಕ್ಕಿಲ್ಲ. ಅದಕ್ಕೆ ಕಲ್ಲು ಇಟ್ಟು ಬೀಸಿದ್ದು ಹಿತ್ತಿಲ ನೀರಿನ ಡ್ರಮ್ಮಿಗೆ, ಬಿದ್ದಿದ್ದು ಕೂಲಿಗೆ ಬರುತ್ತಿದ್ದ ಮುನಿಯಮ್ಮನ ಹಣೆಗೆ. ರಕ್ತ ಹುಬ್ಬಿನಿಂದ ಗಲ್ಲದವರೆಗೆ ಇಳಿಯಿತು. ಮುನಿಯಮ್ಮ ದೊಡ್ಡ ಮನಸ್ಸಿನವಳು, ತಾಯಿಲ್ಲದ ಕೂಸು ಬಿಡಿ ಅಂದುಬಿಟ್ಟಳು. ಅಂದವಳು ಮಂಜ ಬಾಗಿಲಲ್ಲೇ ನಿಂತಿರುವುದು ಕಂಡು, ತಾಯಿ ಊರಲ್ಲಿಲ್ಲ ಅಂದೆ ಕಣವ್ವ ಅಂತ ದೊಡ್ಡಮ್ಮನ ಕಡೆ ತಿರುಗಿ ತಿಪ್ಪೆ ಸಾರಿಸಿದಳು. ದೊಡ್ಡಮ್ಮ ಮಾತ್ರ ಟಿವಿಯ ವೈರನ್ನೇ ಕಿತ್ತು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಹೊಡಿ ಬಡಿ ಅನ್ನೋದು ನೋಡಿ ನೋಡಿ ಮಗು ರಾಕ್ಷಸ ಆಗುತ್ತಿದೆ, ಇನ್ನು ಈ ಮನೆಯಲ್ಲಿ ಕೋಟೆಯೂ ಇಲ್ಲ ಪೇಟೆಯೂ ಇಲ್ಲ ಅಂದಳು. ಅವಳ ಮಾತಲ್ಲಿ ತಪ್ಪಿರಲಿಲ್ಲ. ಆದರೆ ಮಂಜ ಅವತ್ತಿನಿಂದ ಅನ್ನ ಬಿಟ್ಟ. ಅಳಲಿಲ್ಲ, ಹಟ ಮಾಡಲಿಲ್ಲ, ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಬೆರಳಲ್ಲಿ ಒತ್ತುತ್ತಾ ಇರುವುದು, ಎದ್ದುಹೋಗುವುದು. ಎರಡು ದಿನಕ್ಕೆ ಮೈ ಬಿಸಿಯಾಯಿತು. ಅಪ್ಪ ಶೆಡ್ಡಿನಿಂದ ಎದ್ದುಬಂದು ಅವನನ್ನು ಹೆಗಲಿಗೆ ಹಾಕಿಕೊಂಡು, ಏನು ಬೇಕು ಮಗಾ ಅಂತ ಕೇಳಿದ. ಅಪ್ಪ ಬಾಯಿಬಿಟ್ಟು ಮಾತಾಡಿದ್ದೇ ನಮಗೆಲ್ಲ ದೊಡ್ಡದು.

"ಇನ್ನೂ ಐದು ಬಾಗ್ಲವೆ," ಅಂದ ಮಂಜ.

ಆಗ ದೊಡ್ಡಪ್ಪ ಮಧ್ಯೆ ಬಂದರು. ನೋಡದೆ ಮಾಡದೆ ಗೂಡು ಕೆಟ್ಟದು ಅನ್ನುವುದು ನೂಲು ತೆಗೆಯುವ ಕುರುಡು ರೀಲರ್‌ಗಳ ಕೆಲಸ, ನಾನು ಮೂರು ಹಿಡಿ ನೋಡುತ್ತೇನೆ, ಆಮೇಲೆ ಇರಬೇಕೋ ಬೇಡವೋ ಹೇಳುತ್ತೇನೆ ಅಂದರು. ಮಾರುಕಟ್ಟೆಯ ಉರ್ದು ಅವರಿಗೆ ಬರುತ್ತಿತ್ತು, ಹರಾಜಿಗೆ ಬೇಕಾದಷ್ಟು. ಕಾರ್ಟೂನಿನ ಓಡುವ ಹಿಂದಿ ತಲೆಗೆ ಹತ್ತುತ್ತಿರಲಿಲ್ಲ. ಆದ್ದರಿಂದ ನಾನು ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಬೇಕು. ಕಥೆಗೂ ಮೂರು ಹಿಡಿ ಅನ್ನುವುದು ನಮ್ಮ ಮನೆಯವರು ಮಾತ್ರ ಮಾಡಬಹುದಾದ ತಪ್ಪು ಅಂತ ಈಗ ಅನ್ನಿಸುತ್ತದೆ. ಗೂಡಿನ ರಾಶಿಯಲ್ಲಿ ತಳ ಅನ್ನುವುದು ಕಣ್ಣ ಮುಂದೆಯೇ ಇರುತ್ತದೆ, ಕೈ ಹಾಕಿದರೆ ಸಿಗುತ್ತದೆ. ವಾರ ವಾರ ಬರುವ ಕಥೆಗೆ ತಳ ಇನ್ನೂ ಬಂದೇ ಇರುವುದಿಲ್ಲ. ಗೂಡು ಪರೀಕ್ಷೆ ಮಾಡುವ ಅಷ್ಟು ದೊಡ್ಡ ಪಾರಖಿಗೆ ಇಷ್ಟು ಸಣ್ಣದು ಹೊಳೆಯಲಿಲ್ಲ.

ಮೊದಲ ಹಿಡಿ ಐದನೇ ಬಾಗಿಲಿನದು. ದೊಡ್ಡಪ್ಪ ಮೈ ತೊಳೆದು, ವಿಭೂತಿ ಇಟ್ಟು, ಮಾರುಕಟ್ಟೆಗೆ ಹೊರಟವರ ಹಾಗೆ ಬಂದು ಮಣೆಯ ಮೇಲೆ ಕೂತರು. ಪರದೆಯ ಮೇಲೆ ಹುಡುಗ ಕಾವಲುಗಾರನ ಎದೆಗೆ ಕಲ್ಲು ಬೀಸಿದ, ಕಾವಲುಗಾರ ಬೆಟ್ಟದ ಮೇಲಿಂದ ಉರುಳಿ ಚೂರಾದ. ಸತ್ತು ಹೋಗು ಅಂತ ಹುಡುಗ ಕೂಗಿದ. ಏನಂತಾನೆ ಅಂತ ದೊಡ್ಡಪ್ಪ ಕೇಳಿದರು. ಕ್ಷಮಿಸಪ್ಪ, ನನಗೆ ದಾರಿ ಬೇಕಿತ್ತು ಅಂತಾನೆ ಅಂದೆ ನಾನು. ನನ್ನ ಬಾಯಿಂದ ಅದು ಹೇಗೆ ಬಂತೋ. ಕಾರ್ಟೂನು ನಿಂತುಹೋದರೆ ಮಂಜ ಉಣ್ಣುವುದಿಲ್ಲ ಅನ್ನುವುದು ಒಂದೇ ತಲೆಯಲ್ಲಿತ್ತು. ಒಂದು ಸುಳ್ಳು ಸಲೀಸಾಗಿ ಹೋಯಿತು, ಇನ್ನೊಂದು ಬಂತು. ಕಾವಲುಗಾರ ಸತ್ತಿಲ್ಲ, ಮೂರ್ಛೆ ಹೋಗಿದ್ದಾನೆ ಅಂದೆ. ಹುಡುಗ ದಿನಾ ಕೈಮುಗಿದು ಊಟ ಮಾಡುತ್ತಾನೆ ಅಂದೆ. ದೊಡ್ಡಪ್ಪ ಹೂಂಗುಟ್ಟುತ್ತಾ ಕೇಳಿದರು. ಕಬ್ಬಿಣದವನಿಗೆ ಹೊಟ್ಟೆಗೆ ಏನು ಹಾಕುತ್ತಾರಂತೆ ಅಂತ ವಿಚಾರಿಸಿದರು, ಅದು ಕಥೆಯಲ್ಲಿ ಬಂದಿಲ್ಲ ಅಂದಾಗ ಅವರಿಗೆ ಬೇಜಾರಾಯಿತು. ಮುಗಿದ ಮೇಲೆ, ತಾಯಿಗೋಸ್ಕರ ಹೊಡೆದಾಡುತ್ತಾನೆ, ಅದರಲ್ಲಿ ಕೆಟ್ಟದ್ದೇನು ಅಂತ ದೊಡ್ಡಮ್ಮನ ಕಡೆ ತಿರುಗಿ ಹೇಳಿದರು. ಹೇಳುವಾಗ ಧ್ವನಿ ಸರಿಯಿರಲಿಲ್ಲ. ಅವತ್ತು ಮಂಜ ಎರಡು ಮುದ್ದೆ ಉಂಡ.

ಎರಡನೇ ಹಿಡಿ ಏಳನೇ ಬಾಗಿಲು. ಆ ಹೊತ್ತಿಗೆ ನಾನು ಕೈ ಪಳಗಿದ ಸುಳ್ಳುಗಾತಿ. ಟಿವಿಯಲ್ಲಿ ಬರುವುದೊಂದು, ನನ್ನ ಬಾಯಲ್ಲಿ ಬರುವುದೊಂದು. ನಡುನಡುವೆ ಅವರಮ್ಮ ಕೋಟೆಯೊಳಗೆ ಕೂತು ಮಗನಿಗೆ ಸ್ವೆಟರ್ ಹೆಣೆಯುತ್ತಿದ್ದಾಳೆ, ಹೊಟ್ಟೆ ತುಂಬ ಉಂಡು ಗುಣವಾಗುತ್ತಿದ್ದಾಳೆ ಅಂತ ನನ್ನದೇ ಸೇರಿಸುತ್ತಿದ್ದೆ. ಮಂಜ ಕೇಳುತ್ತಾ ಕೂತಿರುತ್ತಿದ್ದ. ದೊಡ್ಡಪ್ಪ ತೃಪ್ತರಾಗಿದ್ದರು. ನಿಜ ಹೇಳಬೇಕೆಂದರೆ ನನಗೂ ಆ ಶನಿವಾರಗಳು ಬೇಕಾಗಿದ್ದವು. ಮನೆಯಲ್ಲಿ ಅಮ್ಮನ ಹೆಸರು ಎತ್ತುವಂತಿರಲಿಲ್ಲ, ಕಾರ್ಟೂನಿನ ಅಮ್ಮನ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಅವಳಿಗೆ ಯಾವ ಬಣ್ಣದ ಸೀರೆ ಇಷ್ಟ, ಅವಳು ಖಾರದ ಪುರಿ ಎಷ್ಟು ತಿನ್ನುತ್ತಾಳೆ ಅಂತೆಲ್ಲ ನಾನು ಹೇಳಿದ್ದೇನೆ. ಬೆಟ್ಟದ ಕೋಟೆಯ ಹೆಂಗಸು ಸೀರೆ ಎಲ್ಲಿ ಉಡುತ್ತಾಳೆ, ಖಾರದ ಪುರಿ ಎಲ್ಲಿ ಸಿಗುತ್ತದೆ ಅಂತ ಯಾರೂ ಕೇಳಲಿಲ್ಲ. ಅಪ್ಪ ಶೆಡ್ಡಿನ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಳ್ಳುತ್ತಿದ್ದ, ಮುಗಿದ ಕೂಡಲೇ ಒಳಗೆ ಹೋಗುತ್ತಿದ್ದ.

ಮೂರನೇ ಹಿಡಿಗೆ ದೊಡ್ಡಪ್ಪ ಕೊನೆಯ ಭಾಗವನ್ನೇ ಇಟ್ಟುಕೊಂಡಿದ್ದರು. ಆ ಶನಿವಾರ ಶೆಡ್ಡಿನ ಕೆಲಸ ಬೇಗ ಮುಗಿಸಿದರು. ಹಣೆಯ ಗಾಯ ಮಾಯ್ದಿದ್ದ ಮುನಿಯಮ್ಮನೂ ಮನೆಗೆ ಹೋಗದೆ ಉಳಿದಳು. ದೊಡ್ಡಮ್ಮ ಬಾಯಲ್ಲಿ ಬೈಯುತ್ತಲೇ ಬಂದು ಗೋಡೆಗೆ ಒರಗಿ ಕೂತಳು. ಅಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ. ಮಂಜ ತನ್ನ ಜಾಗದಲ್ಲಿ, ಒಗೆದ ಅಂಗಿ ಹಾಕಿಕೊಂಡು. ಒಂಬತ್ತನೇ ಬಾಗಿಲಿಗೆ ಕಾವಲು ಒಬ್ಬ ಮುದುಕ. ಅವನು ಹೊಡೆದಾಡಲೇ ಇಲ್ಲ. ಬಾಗಿಲು ತಾನೇ ತೆಗೆದ. ಒಳಗೆ ಒಂದು ಖಾಲಿ ಕೋಣೆ, ಮಂಚದ ಮೇಲೆ ಮಡಿಸಿಟ್ಟ ಶಾಲು, ಕಿಟಕಿಯಲ್ಲಿ ಒಂದು ದೀಪ. ಮುದುಕ ಹೇಳಿದ: ನಿನ್ನ ತಾಯಿ ಮೊದಲ ಚಳಿಗಾಲದಲ್ಲೇ ಸತ್ತುಹೋದಳು ಮಗು. ನೀನು ಬರುವುದು ದೂರದಿಂದ ಕಾಣುತ್ತಿತ್ತು. ದೀಪ ಆರಿದರೆ ನೀನು ದಾರಿಯಲ್ಲೇ ಕೂತುಬಿಡುತ್ತೀಯ ಅಂತ ನಾನೇ ದಿನಾ ಹಚ್ಚಿಟ್ಟೆ.

ಕವಣೆ ಹುಡುಗ ಶಾಲಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದ. ಮಂಜ ನಿಧಾನವಾಗಿ ತಿರುಗಿ ನನ್ನನ್ನು ನೋಡಿದ. ಆ ನೋಟದಲ್ಲಿ ಭಯ ಇರಲಿಲ್ಲ. ಯಾವುದನ್ನೋ ಇಸಿದುಕೊಳ್ಳಲು ಕೈಯೊಡ್ಡಿದ ಹಾಗಿತ್ತು. ದೊಡ್ಡಪ್ಪ ಕೇಳಿದರು.

"ಏನಂದ್ನಮ್ಮ ಆ ಮುದ್ಕ?"

ಇಡೀ ಮನೆ ಕಾಯುತ್ತಿತ್ತು. ಹನ್ನೊಂದು ವರ್ಷದ ಹುಡುಗಿ ಏನು ಮಾಡಬೇಕಿತ್ತು ಅಂತ ನೀವು ಕೇಳಬಹುದು, ನನ್ನನ್ನು ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಹೇಳಬಹುದಿತ್ತು. ಎರಡು ಮಾತು, ಅಷ್ಟೇ. ಅದನ್ನು ಹೇಳಿದ್ದರೆ ಆ ಮನೆಯಲ್ಲಿ ಒಂದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಳು ಅವತ್ತು ಒಟ್ಟಿಗೆ ಹೊರಬರುತ್ತಿತ್ತು.

"ಅವ್ರಮ್ಮ ಇನ್ನೊಂದ್ ಕೋಟೇಲವ್ಳಂತೆ ದೊಡ್ಡಪ್ಪ. ಅಲ್ಲಿಗೋದ್ರೆ ಸಿಗ್ತಾಳಂತೆ."

ದೊಡ್ಡಪ್ಪ ಪರದೆಯ ಮೇಲೆ ಶಾಲು ತಬ್ಬಿಕೊಂಡಿದ್ದ ಹುಡುಗನನ್ನು ನೋಡಿದರು, ನನ್ನನ್ನು ನೋಡಿದರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗಿನ ಹುಳು ಸತ್ತಿದೆ ಅಂತ ಹೇಳುವ ಮನುಷ್ಯ. ಅವರಿಗೆ ಗೊತ್ತಾಗಲಿಲ್ಲ ಅಂತ ನಾನು ನಂಬುವುದಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ಒಳ್ಳೆ ಕಥೆ, ಮಕ್ಕಳು ನೋಡಬಹುದು ಅಂದು ಎದ್ದರು. ಅದು ಅವರ ತೀರ್ಪು. ಅಪ್ಪ ಆಗಲೇ ಬಾಗಿಲಲ್ಲಿ ಇರಲಿಲ್ಲ. ಮಂಜ ತಾನೇ ಹೋಗಿ ಟಿವಿ ಆರಿಸಿದ. ಅಕ್ಕ ಅನ್ನ ಹಾಕು ಅಂದ. ಉಂಡ. ಆ ನಾಲ್ಕು ಗುರುತಿನ ನಡುವೆ ಅವನು ಮತ್ತೆ ಯಾವತ್ತೂ ಕೂರಲಿಲ್ಲ. ಅಮ್ಮ ಯಾವಾಗ ಬರುತ್ತಾಳೆ ಅಂತ ಮತ್ತೆ ಯಾವತ್ತೂ ಕೇಳಲಿಲ್ಲ. ನಾವೆಲ್ಲ, ಮಗು ಮರೆತುಬಿಟ್ಟಿತು, ದೇವರು ದೊಡ್ಡವನು ಅಂದುಕೊಂಡೆವು.

ಅವನಿಗೆ ನಿಜವನ್ನು ಯಾರೂ ಹೇಳಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಲೇ ಕಾಲ ಹೋಯಿತು. ಎರಡು ವರ್ಷದ ಮೇಲಿನ ಪಿತೃಪಕ್ಷದಲ್ಲಿ ಅವನನ್ನು ಬೀಬಮ್ಮನ ಮನೆಗೆ ಕಳಿಸಿ ಎಡೆ ಇಡುತ್ತಿದ್ದಾಗ, ಅವನೇ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಖಾರದ ಪುರಿಯ ಪೊಟ್ಟಣ. ಹಿರಿಯರ ಪಂಚೆ, ಸೀರೆಗಳ ಸಾಲಿನಲ್ಲಿ ಕೊನೆಗಿದ್ದ ಹಸಿರು ಸೀರೆಯ ಮುಂದೆ ಪೊಟ್ಟಣ ಇಟ್ಟು, ಕೈಮುಗಿದು, ಬಂದ ಹಾಗೆ ಹೋದ. ದೊಡ್ಡಮ್ಮನ ಕೈಯಿಂದ ಸೌಟು ಬಿತ್ತು. ಅವತ್ತಿನಿಂದ ಅವನನ್ನು ಪಕ್ಕದ ಮನೆಗೆ ಕಳಿಸುವುದು ನಿಂತಿತು, ಮಾರನೇ ವಾರ ಅಮ್ಮನ ಫೋಟೊ ಗೋಡೆಗೆ ಬಂತು. ನಮ್ಮ ಮನೆಯಲ್ಲಿ ಅಮ್ಮ ಸತ್ತ ಸುದ್ದಿ ಮಗನಿಗೆ ಮುಟ್ಟಿದ್ದು ಹೀಗೆ, ಒಂದು ಮೊಳೆ ಹೊಡೆದ ಸದ್ದಿನಲ್ಲಿ. ಅವನು ಅತ್ತಿದ್ದನ್ನು ನಾನು ಅವತ್ತೂ ಕಾಣಲಿಲ್ಲ. ಅಪ್ಪ ಹೋದಾಗಲೂ ಕಾಣಲಿಲ್ಲ, ದೊಡ್ಡಪ್ಪ ಹೋದಾಗಲೂ ಇಲ್ಲ. ಗಟ್ಟಿ ಮನಸ್ಸಿನವನು ಅಂತ ಊರವರು ಹೊಗಳುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ.

ಕೆಟ್ಟ ಸುದ್ದಿಯನ್ನು ಇದ್ದ ಹಾಗೆ ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಫೇಲಾದ ಹುಡುಗರಿಗೆ ಇನ್ನೇನು ಪಾಸಾದೆ ಅನ್ನುವ ಹಾಗೆ ಹೇಳುವ ಟೀಚರ್ ನಾನು. ಅದನ್ನು ಎಲ್ಲರೂ ನನ್ನ ಒಳ್ಳೆಯತನ ಅಂದುಕೊಂಡಿದ್ದಾರೆ. ಫೋನು ಕವುಚಿಟ್ಟು ಪಾತ್ರೆ ತೊಳೆದ ಮಾರನೇ ದಿನ ಬೆಳಿಗ್ಗೆ ಮಂಜನಿಗೆ ಫೋನ್ ಮಾಡಿದೆ. ಕಾರ್ಟೂನಿನ ಮಾತು ಎತ್ತಲಿಲ್ಲ. ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದೆ. ಒಂಬತ್ತನೇ ಬಾಗಿಲಿನ ದಿನ ಆ ಮುದುಕ ಹೇಳಿದ್ದು ನಿನಗೆ ಅರ್ಥವಾಗಿತ್ತಾ ಅಂತ. ಆ ಕಡೆಯಿಂದ ಫ್ಯಾಕ್ಟರಿಯ ಸದ್ದು ಕೇಳುತ್ತಿತ್ತು, ಅವನು ಅದರಿಂದ ದೂರ ನಡೆದು ಬರುವುದು ಗೊತ್ತಾಯಿತು. ಮೊದಲ ವಾರದಿಂದ ಎಲ್ಲ ಅರ್ಥವಾಗುತ್ತಿತ್ತು ಅಂದ. ಹೌದಲ್ಲ, ಬೆಳಗಿಂದ ಸಂಜೆತನಕ ಬೀಬಮ್ಮನ ಮಕ್ಕಳ ಜೊತೆ ಅವರ ಮನೆಮಾತು ಉರ್ದುವಿನಲ್ಲೇ ಆಡಿಕೊಂಡು ಬೆಳೆದವನು, ಅವನಿಗೆ ಕಾರ್ಟೂನಿನ ಹಿಂದಿ ಬೇರೆ ಭಾಷೆಯೇ ಅಲ್ಲ. ಗೊತ್ತಾಗಬಾರದು ಅಂತ ಎಲ್ಲಿಗೆ ಕಳಿಸಿದ್ದೆವೋ ಅಲ್ಲೇ ಕಲಿತಿದ್ದ. ಅಮ್ಮ ಇಲ್ಲ ಅನ್ನುವುದನ್ನೂ ಅಲ್ಲಿನ ಮಕ್ಕಳೇ ಯಾವತ್ತೋ ಆಟದ ಜಗಳದಲ್ಲಿ ಹೇಳಿಬಿಟ್ಟಿದ್ದರಂತೆ. ಕವಣೆ ಹುಡುಗನಿಗೆ ಅಮ್ಮ ಸಿಕ್ಕಿದರೆ ಅವರು ಹೇಳಿದ್ದು ಸುಳ್ಳು, ಸಿಗದಿದ್ದರೆ ನಿಜ ಅಂತ ತನ್ನಷ್ಟಕ್ಕೆ ತಾನೇ ಪಣ ಕಟ್ಟಿಕೊಂಡು ಕೂತಿದ್ದನಂತೆ. ಮತ್ತೆ ಯಾಕೋ ಸುಮ್ಮನಿದ್ದೆ, ನನ್ನ ಸುಳ್ಳು ಕೇಳಿಕೊಂಡು ಯಾಕೆ ಕೂತಿದ್ದೆ ಅಂದೆ.

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ ಕಣಕ್ಕ. ನಮ್ಮೋರ್ ಯಾರಾದ್ರೂ ಒಬ್ರು ಹೇಳಿದ್ರೆ ಅಳ್ಬೌದಿತ್ತು. ನೀವ್ಯಾರೂ ಹೇಳ್ಲಿಲ್ಲ. ಹೇಳ್ದೇ ಇರೋದಕ್ಕೆ ಹೆಂಗ್ ಅಳ್ಲಿ?"

ಬೈದಿದ್ದರೆ ಆಗುತ್ತಿತ್ತು. ಅವನು ಬೈಯಲಿಲ್ಲ, ಊಟ ಆಯ್ತಾ ಅನ್ನುವ ಧಾಟಿಯಲ್ಲಿ ಹೇಳಿದ. ಆ ಬೆಳಿಗ್ಗೆ ನಾನು ಶಾಲೆಗೆ ರಜೆ ಹಾಕಿ, ಬಸ್ಸು ಹಿಡಿದು ದಾಬಸ್‌ಪೇಟೆಗೆ ಹೋದೆ. ಸಂಜೆ ಅವನು ಕೆಲಸದಿಂದ ಬಂದ ಮೇಲೆ ಚಿನ್ನಿಯನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಕಾರ್ಟೂನ್ ಹಾಕಿದೆವು. ಅದೂ ಹೊಡೆದಾಟವೇ, ಬೆಂಕಿ ಉಗುಳುವ ದೊಡ್ಡ ಹಕ್ಕಿ, ಅದರ ಮೇಲೆ ಕೂತು ಹಾರುವ ಹುಡುಗಿ. ಚಿನ್ನಿ ಕನ್ನಡ ಶಾಲೆಯವಳು, ಹಿಂದಿ ಮಾತಿಗೆಲ್ಲ ಅತ್ತೆ ಏನಂದ್ರು, ಅತ್ತೆ ಏನಂದ್ರು ಅಂತ ನನ್ನ ಮೊಳಕೈ ತಿವಿಯುತ್ತಿದ್ದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾ ಹೋದೆ. ಮೂರನೇ ಭಾಗದಲ್ಲಿ ಹಕ್ಕಿಗೆ ಈಟಿ ತಗುಲಿತು. ಅದು ಮರಳಿನ ಮೇಲೆ ರೆಕ್ಕೆ ಚಾಚಿ ಬಿತ್ತು, ಹುಡುಗಿ ಅದರ ಕೊರಳು ತಬ್ಬಿಕೊಂಡು ಏನೋ ಹೇಳಿದಳು. ಚಿನ್ನಿ ಉಸಿರು ಬಿಗಿಹಿಡಿದು ನನ್ನ ಕಡೆ ತಿರುಗಿದಳು. ಅವಳ ತಲೆಯ ಮೇಲಿಂದ ಮಂಜ ಕೂಡ ನನ್ನನ್ನೇ ನೋಡುತ್ತಿದ್ದ. ಆ ನೋಟ ನನಗೆ ಗೊತ್ತಿತ್ತು.

"ಅತ್ತೆ, ಹಕ್ಕಿ ಮಲ್ಕೊಂಡಿದ್ಯಾ?"

"ಇಲ್ಲಮ್ಮ. ಸತ್ತೋಯ್ತು."

ಚಿನ್ನಿಯ ತುಟಿ ಅದುರಿತು, ಆಮೇಲೆ ದೊಡ್ಡ ದನಿ ತೆಗೆದು ಅಳತೊಡಗಿದಳು. ಒಳಗಿಂದ ಅವಳಮ್ಮ ಓಡಿಬಂದು, ನಾನು ಹೇಳಲಿಲ್ಲವಾ, ಇಂಥದ್ದೆಲ್ಲ ಮಕ್ಕಳಿಗೆ ತೋರಿಸಬೇಡಿ ಅಂತ ಅಂದಳು. ಮಂಜ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಎದೆಗೆ ಒತ್ತಿಕೊಂಡ. ಸುಮ್ಮನಿರು ಅನ್ನಲಿಲ್ಲ, ನಾಳೆ ಎದ್ದುಬರುತ್ತೆ ಬಿಡು ಅನ್ನಲಿಲ್ಲ. ಅತ್ಕೋ ಮಗಾ ಅಂದ. ಅವಳು ಅತ್ತಳು. ಸ್ವಲ್ಪ ಹೊತ್ತಿಗೆ ಅವಳ ನೆತ್ತಿಯ ಮೇಲೆ ಗಲ್ಲ ಊರಿ ಕೂತಿದ್ದ ಅವನ ಭುಜಗಳೂ ಅಲುಗತೊಡಗಿದವು. ನಾನು ಎದ್ದು ಫೋನು ಆರಿಸಿ, ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ.